ಹೆಸರಿಲ್ಲದವರ ಎರಡು ದಿನ

ನವೆಂಬರ್ ತಿಂಗಳ ಮೊದಲನೆಯ ದಿನ ಬೆಳಗ್ಗೆ ನೀವು ಪುತ್ತೂರು ಪೇಟೆಯಲ್ಲಿ ನಿಂತರೆ ಎರಡು ಬಗೆಯ ಸದ್ದು ಕಿವಿಗೆ ಬೀಳುತ್ತದೆ. ಒಂದು, ಹಳದಿ ಕೆಂಪು ಬಾವುಟ ಹಿಡಿದು ರಾಜ್ಯೋತ್ಸವಕ್ಕೆ ಹೊರಟ ಶಾಲೆಯ ಮಕ್ಕಳ ಘೋಷ. ಇನ್ನೊಂದು, ಇಗರ್ಜಿಯ ಗಂಟೆ. 1956ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದ್ದು ಈ ದಿನ. ಅದರ ನೆನಪು ಎಲ್ಲರಿಗೂ ಉಂಟು. ಅದೇ ದಿನ ಕ್ರೈಸ್ತರ ಪಂಚಾಂಗದಲ್ಲಿ ಸಾವಿರಕ್ಕೂ ಮಿಕ್ಕಿದ ವರ್ಷಗಳಿಂದ ಸಕಲ ಸಂತರ ಹಬ್ಬವೆಂಬುದು, ಅದರ ಮರುದಿನ ಸಕಲ ಮೃತರ ಸ್ಮರಣೆಯೆಂಬುದು, ನೆರೆಮನೆಯವರಿಗೂ ಅಷ್ಟಾಗಿ ತಿಳಿದಿರಲಾರದು. ಕ್ರಿಸ್ಮಸ್ಸಿನ ನಕ್ಷತ್ರ ಮನೆಯ ಹೊರಗೆ ತೂಗುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಎರಡು ದಿನಗಳ ದೀಪ ಹಚ್ಚುವುದು ಊರ ಬದಿಯ ಸಮಾಧಿಭೂಮಿಯಲ್ಲಿ. ಅಲ್ಲಿಗೆ ಕೆಲಸವಿಲ್ಲದೆ ಯಾರು ಹೋಗುತ್ತಾರೆ? ಆದುದರಿಂದ ಈ ಹೊತ್ತು ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ.

ಮೊದಲು ಈ ಎರಡು ದಿನಗಳ ವ್ಯತ್ಯಾಸವನ್ನು ಹೇಳಿಬಿಡುತ್ತೇನೆ. ದೇವರ ಸನ್ನಿಧಿಯನ್ನು ಸೇರಿದ್ದಾರೆಂದು ಭಕ್ತರು ನಂಬುವವರೆಲ್ಲ ಸಂತರು. ಅವರಿಗಾಗಿ ಯಾರೂ ಪ್ರಾರ್ಥಿಸಬೇಕಾಗಿಲ್ಲ. ಅವರೇ ನಮಗಾಗಿ ಬೇಡಿಕೊಳ್ಳುತ್ತಾರೆ ಎಂದು ಕೆಥೋಲಿಕರ ಶ್ರದ್ಧೆ. ಆದುದರಿಂದ ಮೊದಲನೆಯ ದಿನ ಸಂತೋಷದ ಹಬ್ಬ; ಪಾದ್ರಿಗಳು ಬಿಳಿಯ ಉಡುಪು ತೊಡುತ್ತಾರೆ. ಎರಡನೆಯ ದಿನ ನಮ್ಮ ನಿಮ್ಮಂಥವರದು. ಒಳ್ಳೆಯದನ್ನೂ ಮಾಡಿ ಕೆಟ್ಟದ್ದನ್ನೂ ಮಾಡಿ ಕಣ್ಣು ಮುಚ್ಚಿದವರು ಶುದ್ಧಿಯಾಗುತ್ತ ದಾರಿಯಲ್ಲಿದ್ದಾರೆ, ಬದುಕಿರುವವರ ಪ್ರಾರ್ಥನೆ ಅವರಿಗೆ ಒದಗುತ್ತದೆ ಎಂಬ ನಂಬಿಕೆಯಿಂದ ಆ ದಿನದ ಪೂಜೆ ನಡೆಯುತ್ತದೆ. ಪ್ರಾಟೆಸ್ಟಂಟರು ಮೃತರಿಗಾಗಿ ಬೇಡುವ ಪದ್ಧತಿಯನ್ನು ಒಪ್ಪುವುದಿಲ್ಲ. ತೀರಿಹೋದವರ ಬಾಳಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾರೆ. ನಂಬಿಕೆ ಬೇರೆಯಾದರೂ ನೆನೆಯುವ ಮನಸ್ಸು ಒಂದೇ.

ಸಂತರಿಗೆಲ್ಲ ಒಟ್ಟಾಗಿ ಒಂದು ದಿನ ಏಕೆ ಬೇಕಾಯಿತು? ಒಬ್ಬೊಬ್ಬ ಸಂತನಿಗೂ ಬೇರೆ ಬೇರೆ ಹಬ್ಬಗಳಿರುವಾಗ ಇದು ಸಾಲದೆ? ಇದಕ್ಕೆ ಉತ್ತರ ಬಹು ಸರಳ. ಕ್ರೈಸ್ತಧರ್ಮದ ಮೊದಲ ಮುನ್ನೂರು ವರ್ಷಗಳಲ್ಲಿ ರೋಮನ್ ಸಾಮ್ರಾಜ್ಯದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು ಎಣಿಸಿದರೆ ವರ್ಷದ ದಿನಗಳು ಸಾಲಲಿಲ್ಲ. ಅದಕ್ಕಿಂತ ಮಿಗಿಲಾಗಿ, ಅವರಲ್ಲಿ ಎಷ್ಟೋ ಮಂದಿಯ ಹೆಸರೇ ಉಳಿಯಲಿಲ್ಲ. ಹೆಸರಿಲ್ಲದವರಿಗೆ ಯಾವ ತಾರೀಖಿನಲ್ಲಿ ಹಬ್ಬ ಮಾಡುವುದು? 609ರ ಮೇ 13ರಂದು ನಾಲ್ಕನೆಯ ಬೊನಿಫಾಸ್ ಎಂಬ ಪೋಪರು ರೋಮಿನ ಪ್ಯಾಂಥಿಯನ್ ಎಂಬ ಪುರಾತನ ದೇವಾಲಯವನ್ನು ಮರಿಯಮ್ಮನಿಗೂ ಸಕಲ ಹುತಾತ್ಮರಿಗೂ ಅರ್ಪಿಸಿದರು. ಭೂಗತ ಸಮಾಧಿಗಳಿಂದ ಗಾಡಿಗಟ್ಟಲೆ ಎಲುಬುಗಳನ್ನು ತಂದು ಅಲ್ಲಿ ಇರಿಸಿದರೆಂದು ಕಥೆಯುಂಟು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗೊರಿ ಪೋಪರು ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಗುಡಿಯನ್ನು ಮಾಡಿಸಿದರು. ಒಂಬತ್ತನೆಯ ಶತಮಾನದಲ್ಲಿ ನವೆಂಬರ್ 1ರ ಹಬ್ಬ ಪಶ್ಚಿಮ ಯೂರೋಪಿನಲ್ಲೆಲ್ಲ ನೆಲೆಗೊಂಡಿತು.

ಎರಡನೆಯ ದಿನ ಬಂದದ್ದು ಒಂದು ಮಠದಿಂದ. ಫ್ರಾನ್ಸಿನ ಕ್ಲೂನಿ ಎಂಬಲ್ಲಿಯ ಮಠಾಧಿಪತಿ ಒದಿಲೊ ಎಂಬವರು ಹತ್ತನೆಯ ಶತಮಾನದ ಕೊನೆಯಲ್ಲಿ, ಸುಮಾರು 998ರಲ್ಲಿ, ತಮ್ಮ ಕೈಕೆಳಗಿನ ಮಠಗಳಿಗೆಲ್ಲ ಒಂದು ಅಪ್ಪಣೆ ಮಾಡಿದರು: ಸಂತರ ಹಬ್ಬದ ಮರುದಿನ ಸತ್ತವರೆಲ್ಲರಿಗಾಗಿ ಪ್ರಾರ್ಥಿಸಬೇಕು, ಬಡವರಿಗೆ ದಾನ ಕೊಡಬೇಕು. ತಮ್ಮ ಮಠದವರಿಗಾಗಿ ಅಥವಾ ದಾನಿಗಳಿಗಾಗಿ ಮಾತ್ರ ಎನ್ನಲಿಲ್ಲ, ಎಲ್ಲರಿಗಾಗಿ ಎಂದರು. ಆ ಪದ್ಧತಿ ಮಠದ ಗೋಡೆ ದಾಟಿ ಊರಿಗೆ ಬಂತು. ಆ ದಿನ ಪಾದ್ರಿಯೊಬ್ಬರು ಮೂರು ಪೂಜೆ ಅರ್ಪಿಸಬಹುದೆಂಬ ವಿಶೇಷ ಹಕ್ಕು 1748ರಿಂದ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಪಾಲಿಗಿತ್ತು. 1915ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಹುಡುಗರು ಸಾಯುತ್ತಿದ್ದಾಗ, ಹದಿನೈದನೆಯ ಬೆನೆಡಿಕ್ಟ್ ಪೋಪರು ಅದನ್ನು ಲೋಕದ ಎಲ್ಲ ಪಾದ್ರಿಗಳಿಗೂ ವಿಸ್ತರಿಸಿದರು. ಗುರುತು ಸಿಕ್ಕದ ಹೆಣಗಳು ಕಂದಕಗಳಲ್ಲಿ ಬಿದ್ದಿದ್ದ ಕಾಲವದು.

ಹೆಸರು ಉಳಿಯದವರ ಮಾತು ಬಂದುದರಿಂದ ಪುತ್ತೂರಿನದೇ ಒಂದು ಉದಾಹರಣೆಯನ್ನು ಹೇಳಬೇಕು. ಪುತ್ತೂರಿನಲ್ಲಿ 1958ರಲ್ಲಿ ಮೊನ್ಸಿಞೊರ್ ಆಂಟನಿ ಪತ್ರಾವೊ ಅವರು ಸ್ಥಾಪಿಸಿದ ಕಾಲೇಜಿಗೆ ಸಂತ ಫಿಲೋಮಿನಾ ಎಂದು ಹೆಸರು. ಮೈಸೂರಿನ ಎತ್ತರದ ಗೋಪುರಗಳ ಚರ್ಚನ್ನೂ ಜನ ಇದೇ ಹೆಸರಿನಿಂದ ಕರೆಯುತ್ತಾರೆ. ಯಾರು ಈ ಫಿಲೋಮಿನಾ? 1802ರ ಮೇ ತಿಂಗಳಲ್ಲಿ ರೋಮಿನ ನೆಲದಡಿಯ ಹಳೆಯ ಸಮಾಧಿಗಳಲ್ಲಿ ಒಂದನ್ನು ತೆರೆದರು. ಅದರ ಬಾಯಿಯನ್ನು ಮೂರು ಹಂಚುಗಳಿಂದ ಮುಚ್ಚಲಾಗಿತ್ತು. ಹಂಚುಗಳ ಮೇಲೆ ಲ್ಯಾಟಿನ್ ಅಕ್ಷರಗಳಿದ್ದುವು, ಆದರೆ ಹಂಚುಗಳನ್ನು ಜೋಡಿಸುವಾಗ ಅವು ಹಿಂದುಮುಂದಾಗಿದ್ದುವು. ಸರಿಪಡಿಸಿ ಓದಿದಾಗ ‘ಫಿಲುಮೇನಾ, ನಿನಗೆ ಶಾಂತಿಯಿರಲಿ’ ಎಂಬ ಅರ್ಥ ಹೊರಟಿತು. ಒಳಗೆ ಹದಿಮೂರು ಹದಿನಾಲ್ಕರ ಹುಡುಗಿಯ ಎಲುಬುಗಳು. ಇಷ್ಟೇ. ಆಕೆಯ ತಂದೆ ತಾಯಿ, ಊರು, ಬಾಳು, ಸಾವು, ಯಾವುದೂ ಇತಿಹಾಸಕ್ಕೆ ಗೊತ್ತಿಲ್ಲ. ಆ ಹಂಚುಗಳು ಬೇರೊಂದು ಸಮಾಧಿಯಿಂದ ತಂದು ಬಳಸಿದವು, ಹೆಸರು ಕೂಡ ಆ ಹುಡುಗಿಯದಲ್ಲ ಎಂದು ಕೆಲವು ವಿದ್ವಾಂಸರು ಹೇಳಿದರು. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಆಕೆಯ ಭಕ್ತಿ ಯೂರೋಪಿನಿಂದ ನಮ್ಮ ಕರಾವಳಿಯವರೆಗೆ ಹಬ್ಬಿತು. 1961ರಲ್ಲಿ ರೋಮಿನ ಅಧಿಕಾರಿಗಳು ಆಕೆಯ ಹೆಸರನ್ನು ಪೂಜೆಯ ಪಂಚಾಂಗದಿಂದ ತೆಗೆದರು. ಪುತ್ತೂರಿನ ಕಾಲೇಜಿನ ಹೆಸರು ಹಾಗೆಯೇ ಉಳಿಯಿತು. ಪಂಚಾಂಗದಲ್ಲಿ ತನ್ನದೆಂಬ ದಿನವಿಲ್ಲದ ಆ ಹುಡುಗಿಗೆ ಪಾಲು ಸಿಗುವುದು ನವೆಂಬರ್ 1ರಂದು. ಆ ಹಬ್ಬ ಹುಟ್ಟಿದ್ದೇ ಅಂಥವರಿಗಾಗಿ.

ಇನ್ನು ನಮ್ಮ ಕಡೆಯ ಆಚರಣೆಗೆ ಬರೋಣ. ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ 1830ರಷ್ಟು ಹಳೆಯದು. ‘ದೇವಮಾತೆ’ ಎಂಬುದರ ಪೋರ್ಚುಗೀಸ್ ರೂಪವೇ ಆ ಹೆಸರು. ಕಡಬದಲ್ಲಿ ಸಂತ ಜೋಕಿಮರ, ಸುಳ್ಯದಲ್ಲಿ ಸಂತ ಬ್ರಿಜಿದ್ದರ ಇಗರ್ಜಿಗಳುಂಟು. ತುಳುವರ ಲೆಕ್ಕದಲ್ಲಿ ಬೊಂತೆಲ್ ತಿಂಗಳು ಅದು. ಏಣೆಲು ಬೆಳೆಯ ಕೊಯ್ಲು ಮುಗಿದಿರುತ್ತದೆ, ಸಂಜೆ ಘಟ್ಟದ ಕಡೆಯಿಂದ ಗುಡುಗು ಕೇಳಿ ಒಂದು ಮಳೆ ಬಂದು ಹೋಗುವುದುಂಟು. ನಾಲ್ಕು ತಿಂಗಳ ಮಳೆಗೆ ಸಮಾಧಿಗಳ ಮೇಲೆ ಹುಲ್ಲು, ಮುಟ್ಟಿದರೆ ಮುನಿ, ಪಾಚಿ ಎಲ್ಲ ಬೆಳೆದಿರುತ್ತದೆ. ಅಕ್ಟೋಬರದ ಕೊನೆಯ ವಾರದಲ್ಲಿ ಮನೆಯವರು ಕತ್ತಿ, ಹಾರೆ, ಸುಣ್ಣದ ಬಾಲ್ದಿ ಹಿಡಿದು ಅಲ್ಲಿಗೆ ಬರುತ್ತಾರೆ. ಮುರಕಲ್ಲಿನ ಕಟ್ಟೆಗೆ ಸುಣ್ಣ ಬಳಿಯುತ್ತಾರೆ; ಕಲ್ಲಿಲ್ಲದ ಕಡೆ ಮಣ್ಣನ್ನು ಏರಿಸಿ ತಟ್ಟಿ ಒಪ್ಪ ಮಾಡುತ್ತಾರೆ. ಎರಡನೆಯ ತಾರೀಖು ಪೂಜೆ ಮುಗಿದ ಮೇಲೆ ಪಾದ್ರಿಗಳು ಪ್ರಾರ್ಥನೆ ಹೇಳುತ್ತ ಸಮಾಧಿಗಳ ಸಾಲಿನಲ್ಲಿ ನಡೆಯುತ್ತಾರೆ, ಪವಿತ್ರ ಜಲ ಚಿಮುಕಿಸುತ್ತಾರೆ, ಧೂಪ ಹಾಕುತ್ತಾರೆ. ಜನ ಗೊಂಡೆ ಸೇವಂತಿಗೆಗಳನ್ನಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಗಾಳಿ ಬಂದು ಒಂದು ಬತ್ತಿ ಆರಿದರೆ ಪಕ್ಕದ ಸಮಾಧಿಯ ಬತ್ತಿಯಿಂದ ಅದನ್ನು ಮತ್ತೆ ಹಚ್ಚಿಕೊಳ್ಳುತ್ತಾರೆ. ಅದು ಯಾರ ಸಮಾಧಿ ಎಂದು ಯಾರೂ ಕೇಳುವುದಿಲ್ಲ.

ಈ ಮೂರು ತಾಲೂಕುಗಳ ಕ್ರೈಸ್ತರೆಲ್ಲ ಒಂದೇ ಬಗೆಯವರಲ್ಲ. ಕೊಂಕಣಿ ಆಡುವವರು ಗೋವೆಯ ಕಡೆಯಿಂದ ಬಂದವರ ವಂಶದವರು, ಲ್ಯಾಟಿನ್ ಸಂಪ್ರದಾಯದವರು. ಕಡಬ, ನೆಲ್ಯಾಡಿ, ಸುಳ್ಯದ ಗುಡ್ಡಗಳಲ್ಲಿ ಕಳೆದ ಶತಮಾನದ ನಡುವಿನಲ್ಲಿ ಕೇರಳದಿಂದ ಬಂದು ಕಪ್ಪ, ರಬ್ಬರು, ಕರಿಮೆಣಸು ಬೆಳೆದವರು ಮಲೆಯಾಳ ಆಡುವವರು, ಸುರಿಯಾನಿ ಸಂಪ್ರದಾಯದವರು. ಅವರಿಗಾಗಿ 1999ರಲ್ಲಿ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತವೂ 2010ರಲ್ಲಿ ಪುತ್ತೂರಿನ ಮಲಂಕರ ಧರ್ಮಪ್ರಾಂತವೂ ಏರ್ಪಟ್ಟುವು. ಸುರಿಯಾನಿಗಳ ಹಳೆಯ ಪಂಚಾಂಗದಲ್ಲಿ ಮೃತರ ನೆನಪು ಮಹಾ ಉಪವಾಸಕಾಲಕ್ಕೆ ಮುಂಚೆ ಬರುತ್ತದೆ. ಮಲಂಕರದವರು ಒಂದು ಭಾನುವಾರ ತೀರಿಹೋದ ಗುರುಗಳನ್ನೂ ಮುಂದಿನ ಭಾನುವಾರ ತೀರಿಹೋದ ಭಕ್ತರೆಲ್ಲರನ್ನೂ ನೆನೆಯುತ್ತಾರೆ. ಅವರಲ್ಲಿ ಆರ್ಥೊಡಾಕ್ಸ್ ಸಭೆಯವರಿಗೆ ನವೆಂಬರ್ 2 ಬೇರೊಂದು ಕಾರಣಕ್ಕೆ ದೊಡ್ಡ ದಿನ: 1902ರ ಆ ದಿನ ಪರುಮಲದ ಮಾರ್ ಗ್ರೆಗೋರಿಯೋಸ್ ತಿರುಮೇನಿಯವರು ತೀರಿಕೊಂಡರು, 1947ರಲ್ಲಿ ಆ ಸಭೆ ಅವರನ್ನು ಸಂತರೆಂದು ಸಾರಿತು. ಹೀಗೆ ಒಂದೇ ತಾರೀಖಿನಲ್ಲಿ ಗುಡ್ಡದ ಒಂದು ಮಗ್ಗುಲಲ್ಲಿ ಮೃತರ ಸ್ಮರಣೆ, ಇನ್ನೊಂದು ಮಗ್ಗುಲಲ್ಲಿ ಸಂತರೊಬ್ಬರ ಹಬ್ಬ.

ಈಗ, ಆ ಸಾಲು ಸಾಲು ಬತ್ತಿಗಳ ನಡುವೆ ನೀವು ಒಂದನ್ನು ಗಮನಿಸಬೇಕು. ಸಮಾಧಿಭೂಮಿಯ ಮಧ್ಯದಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಶಿಲುಬೆ ಇರುತ್ತದೆ. ಅದರಡಿಯಲ್ಲಿ ಯಾರನ್ನೂ ಹೂಳಿರುವುದಿಲ್ಲ. ಆದರೂ ಅಲ್ಲಿ ಬತ್ತಿಗಳ ರಾಶಿಯೇ ಉರಿಯುತ್ತಿರುತ್ತದೆ. ಅವು ಯಾರ ಹೆಸರಿನವು?

ಸಮಾಧಿ ಎಲ್ಲಿದೆಯೆಂದು ತಿಳಿಯದವರವು. ಅಂಥವರು ಎಷ್ಟು ಮಂದಿ ನೋಡಿ. 1784ರಲ್ಲಿ ಟಿಪ್ಪು ಸುಲ್ತಾನನ ಅಪ್ಪಣೆಯಂತೆ ಕರಾವಳಿಯ ಸಾವಿರಾರು ಕೆಥೋಲಿಕರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. 1799ರ ತರುವಾಯ ಮರಳಿ ಬಂದವರು ಕೆಲವರೇ. ದಾರಿಯಲ್ಲೂ ಸೆರೆಯಲ್ಲೂ ಸತ್ತವರ ಗುರುತು ಯಾವ ಕಲ್ಲಿನಲ್ಲೂ ಇಲ್ಲ. ಮಂಗಳೂರು ಸೀಮೆಯ ಎಷ್ಟೋ ಮನೆತನಗಳ ವಂಶಾವಳಿ ಅಲ್ಲಿಗೆ ಬಂದು ಕಡಿದುಹೋಗುತ್ತದೆ. ಮುಂದೆ ಕಾಡು ಕಡಿದು ತೋಟ ಮಾಡಲು ಬಂದವರಲ್ಲಿ ಮಲೆಜ್ವರಕ್ಕೆ ತುತ್ತಾದವರುಂಟು. ಆಗ ನೆಟ್ಟ ಮರದ ಶಿಲುಬೆ ನಮ್ಮ ಮಳೆಗೂ ಗೆದ್ದಲಿಗೂ ಎಷ್ಟು ವರ್ಷ ತಡೆದೀತು? 1964ರ ಅಕ್ಟೋಬರಿನಲ್ಲಿ ಶಾಸ್ತ್ರಿಯವರಿಗೂ ಸಿರಿಮಾವೊ ಅವರಿಗೂ ಆದ ಒಪ್ಪಂದದ ಫಲವಾಗಿ ಸಿಂಹಳದ ಚಹಾತೋಟಗಳಿಂದ ಬಂದ ತಮಿಳರಿಗೆ ಸುಳ್ಯ ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆ ಸಿಕ್ಕಿತು. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಅವರ ಅಜ್ಜ ಅಜ್ಜಿಯರನ್ನು ಹೂಳಿದ್ದು ಕಡಲಾಚೆಯ ಬೆಟ್ಟಗಳಲ್ಲಿ. ಬತ್ತಿ ಹಚ್ಚಲು ಅಲ್ಲಿಗೆ ಹೋಗುವುದುಂಟೆ? 2020 ಮತ್ತು 2021ರ ಸಾಂಕ್ರಾಮಿಕದ ದಿನಗಳಲ್ಲಿ ಎಷ್ಟೋ ಜನ ತಮ್ಮವರನ್ನು ಮಣ್ಣಿಗಿಡುವಾಗ ಹತ್ತಿರ ನಿಲ್ಲಲಾಗಲಿಲ್ಲ. ನವೆಂಬರಿನ ಮೊದಲ ಎಂಟು ದಿನ ಸಮಾಧಿಭೂಮಿಗೆ ಹೋಗಿ ಪ್ರಾರ್ಥಿಸುವುದಕ್ಕೆ ವಿಶೇಷ ಪುಣ್ಯವೆಂದು ಕೆಥೋಲಿಕರ ನಿಯಮ. ಜನ ಗುಂಪುಗೂಡಬಾರದೆಂದು 2020ರಲ್ಲಿ ರೋಮು ಆ ಎಂಟು ದಿನಗಳನ್ನು ಇಡೀ ತಿಂಗಳಿಗೆ ವಿಸ್ತರಿಸಿತು. ಇವರೆಲ್ಲರ ಬತ್ತಿ ಆ ದೊಡ್ಡ ಶಿಲುಬೆಯ ಅಡಿಯಲ್ಲಿ.

ನೆರೆಯವರಿಗೆ ಇದು ಹೊಸದಾಗಿ ಕಾಣಲಾರದು. ಮಹಾಲಯ ಅಮಾವಾಸ್ಯೆಯಂದು ತರ್ಪಣ ಬಿಡುವವರು, ಹೆಸರು ಗೋತ್ರ ತಿಳಿಯದೆ ಗತಿಸಿದವರಿಗೂ, ಮಕ್ಕಳಿಲ್ಲದೆ ತೀರಿಹೋದವರಿಗೂ ಒಂದು ಬೊಗಸೆ ನೀರು ಬಿಡುತ್ತಾರೆ. ತುಳು ಮನೆಗಳಲ್ಲಿ ಕುಲೆಗಳಿಗೆ ಬಡಿಸುವ ದಿನ ಎಲೆಯ ಸಾಲಿನಲ್ಲಿ ಎಳೆಯರನ್ನೂ ಮರೆಯುವುದಿಲ್ಲ. ಕೊಂಕಣಿ ಕ್ರೈಸ್ತರ ಹಳೆಯ ಮನೆಗಳಲ್ಲಿ ಮದುವೆಗೆ ಮುನ್ನ ಹಿರಿಯರ ನೆನಪಿನಲ್ಲಿ ಬಡವರನ್ನು ಕರೆದು ಉಣ್ಣಿಸುವ ಪದ್ಧತಿಯಿತ್ತು. ಒದಿಲೊ ಅವರ ಅಪ್ಪಣೆಯಲ್ಲಿದ್ದ ದಾನಕ್ಕೂ ಈ ಊಟಕ್ಕೂ ಎಷ್ಟು ಹೋಲಿಕೆ! ಗಡಿಯ ಆಚೆ ಕಾಸರಗೋಡಿನ ಬೇಳದಂಥ ಇಗರ್ಜಿಗಳು 1956ರಲ್ಲಿ ಬೇರೆ ರಾಜ್ಯಕ್ಕೆ ಹೋದುವು. ಆದರೂ ಅವು ಮಂಗಳೂರು ಧರ್ಮಪ್ರಾಂತದಲ್ಲೇ ಉಳಿದುವು. ರಾಜ್ಯಗಳ ಗೆರೆಗಳಿಗೆ ಸತ್ತವರು ಬಗ್ಗುವುದಿಲ್ಲವಷ್ಟೆ.

ನನ್ನದೇ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಾನು ಚಿಕ್ಕವನಿದ್ದಾಗ ಪ್ರತಿ ವರ್ಷ ಎರಡನೆಯ ತಾರೀಖು ಮಾಂಯ್ ನನ್ನ ಕೈಗೆ ಲೆಕ್ಕದ ಬತ್ತಿಗಳನ್ನು ಕೊಡುತ್ತಿದ್ದರು. ಅಜ್ಜನಿಗೆ ಎರಡು, ಅಜ್ಜಿಗೆ ಎರಡು, ದೊಡ್ಡಪ್ಪನಿಗೆ ಒಂದು. ಕೊನೆಗೆ ಮಿಕ್ಕಿದ ಒಂದನ್ನು ಕೊಟ್ಟು, “ಇದನ್ನು ದೊಡ್ಡ ಶಿಲುಬೆಯ ಹತ್ತಿರ ಇಟ್ಟು ಬಾ, ಪುತಾ” ಎನ್ನುತ್ತಿದ್ದರು. “ಇದು ಯಾರಿಗೆ, ಮಾಂಯ್?” ಎಂದರೆ, “ಹೆಸರಿಲ್ಲದವರಿಗೆ” ಎಂದಷ್ಟೇ ಉತ್ತರ. ಅದು ದಾರಿಹೋಕರಿಗೆಂದು ನಾನು ತಿಳಿದಿದ್ದೆ. ಮಾಂಯ್‌ಗೆ ಎಪ್ಪತ್ತು ದಾಟಿದ ಮೇಲೆ, ಒಂದು ಸಂಜೆ ಅಡಿಕೆ ಸುಲಿಯುತ್ತ ಕುಳಿತಿದ್ದಾಗ, ತಾವಾಗಿ ಹೇಳಿದರು. 1961ರ ಮಳೆಗಾಲದಲ್ಲಿ, ನಾನು ಏಳು ವರ್ಷದವನಿದ್ದಾಗ, ಅವರಿಗೆ ಒಂದು ಗಂಡು ಕೂಸು ಹುಟ್ಟಿತ್ತು. ಹುಟ್ಟುವಾಗಲೇ ಜೀವವಿರಲಿಲ್ಲ. ಜೀವವಿಲ್ಲದ ಕೂಸಿಗೆ ಜ್ಞಾನಸ್ನಾನವಿಲ್ಲ, ಜ್ಞಾನಸ್ನಾನವಿಲ್ಲದೆ ಹೆಸರಿಲ್ಲ, ಅಂದಿನ ಕಟ್ಟಳೆಯಂತೆ ಪವಿತ್ರ ಭೂಮಿಯಲ್ಲಿ ಜಾಗವೂ ಇಲ್ಲ. ಅಪ್ಪ ಅದನ್ನು ಬಿಳಿಯ ತುಂಡು ಬಟ್ಟೆಯಲ್ಲಿ ಸುತ್ತಿ, ಸಮಾಧಿಭೂಮಿಯ ಗೋಡೆಯ ಹೊರಗೆ ಒಂದು ಮರದ ಬುಡದಲ್ಲಿ ಮಳೆಯಲ್ಲೇ ಮಣ್ಣು ಮಾಡಿ ಬಂದರು. ಮರುದಿನದಿಂದ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಗೋಡೆಯ ಹೊರಗೆ ಬತ್ತಿ ಹಚ್ಚಲು ಮಾಂಯ್‌ಗೆ ಧೈರ್ಯವಿರಲಿಲ್ಲ. ಅದಕ್ಕೆ ಗೋಡೆಯ ಒಳಗೆ, ಯಾರದೂ ಅಲ್ಲದ ಜಾಗದಲ್ಲಿ, ನನ್ನ ಕೈಯಿಂದ ನನ್ನ ತಮ್ಮನಿಗೇ ಬತ್ತಿ ಇಡಿಸುತ್ತಿದ್ದರು. ನಲವತ್ತು ವರ್ಷ ಹಾಗೆ ನಡೆದಿತ್ತು.

ಅಂಥ ಕೂಸುಗಳು ಸ್ವರ್ಗಕ್ಕೂ ಅಲ್ಲ ನರಕಕ್ಕೂ ಅಲ್ಲ, ಲಿಂಬೊ ಎಂಬಲ್ಲಿ ಇರುತ್ತವೆ ಎಂದು ಹಿಂದಿನವರು ಕಲಿಸುತ್ತಿದ್ದರು. ಅದು ಧರ್ಮಸಭೆಯ ವಿಧಿಸಿದ ನಂಬಿಕೆಯಾಗಿರಲಿಲ್ಲ, ಪಂಡಿತರ ಊಹೆ. ಆದರೆ ತಾಯಂದಿರ ಎದೆಯಲ್ಲಿ ಅದು ಊಹೆಯಾಗಿ ಉಳಿಯುವುದುಂಟೆ? 1983ರ ಹೊಸ ಧರ್ಮಶಾಸನ, ಜ್ಞಾನಸ್ನಾನ ಕೊಡಿಸಬೇಕೆಂದು ಹೆತ್ತವರು ಬಯಸಿದ್ದ ಕೂಸು ಅದಕ್ಕೆ ಮುಂಚೆ ತೀರಿಕೊಂಡರೆ, ಬಿಷಪರ ಅನುಮತಿಯಿಂದ ಅದಕ್ಕೂ ಅಂತ್ಯಸಂಸ್ಕಾರ ಮಾಡಬಹುದೆಂದಿತು. 2007ರಲ್ಲಿ ರೋಮಿನ ಧರ್ಮಶಾಸ್ತ್ರ ಪಂಡಿತರ ಸಮಿತಿಯೊಂದು, ಅಂಥ ಶಿಶುಗಳಿಗೂ ಮುಕ್ತಿಯುಂಟೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ವಿವರವಾಗಿ ಬರೆಯಿತು. ಮಾಂಯ್ 2003ರಲ್ಲೇ ಹೊರಟುಹೋಗಿದ್ದರು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ವರ್ಷ ನಾನು ನಮ್ಮೂರ ಪಾದ್ರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಏನೂ ಮಾತಾಡದೆ ಕೇಳಿಕೊಂಡರು. ನವೆಂಬರ್ 2ರಂದು ಸಮಾಧಿಗಳನ್ನೆಲ್ಲ ಆಶೀರ್ವದಿಸಿ ಮುಗಿದ ಮೇಲೆ ತಣಪೆಯ ಕಡೆಗೆ ನಡೆದು, ಗೋಡೆಯ ಹೊರಗೆ ಬಂದು, “ಯಾವ ಮರ?” ಎಂದು ಕೇಳಿದರು. ಮರ ಎಂದೋ ಹೋಗಿತ್ತು. ನಾನು ಅಂದಾಜಿನಿಂದ ಒಂದು ಜಾಗ ತೋರಿಸಿದೆ. ಅವರು ಅಲ್ಲಿ ಮಾತ್ರ ಅಲ್ಲ, ಗೋಡೆಯ ಆ ಬದಿಯುದ್ದಕ್ಕೂ ಪವಿತ್ರ ಜಲ ಚಿಮುಕಿಸುತ್ತ ನಡೆದರು. ನನ್ನ ಹಿಂದೆ ಇನ್ನೂ ಮೂವರು ನಾಲ್ವರು ಹೆಂಗಸರು, ಮುದುಕಿಯರು, ಸದ್ದಿಲ್ಲದೆ ಬಂದು ನಿಂತಿದ್ದನ್ನು ನಾನು ಆಗ ನೋಡಿದೆ. ಅವರ ಕೈಯಲ್ಲಿಯೂ ಒಂದೊಂದು ಬತ್ತಿ ಮಿಕ್ಕಿತ್ತು.

ಓದುವವರೇ, ನೀವು ಯಾವ ಮತದವರಾದರೂ ಆಗಿರಿ. ನವೆಂಬರದ ಎರಡನೆಯ ಸಂಜೆ ಪುತ್ತೂರು, ಕಡಬ, ಸುಳ್ಯಗಳ ದಾರಿಯಲ್ಲಿ ಹೋಗುವಾಗ ಒಂದು ಗೋಡೆಯಾಚೆ ಸಾಲು ದೀಪ ಕಂಡರೆ ಗಾಡಿಯನ್ನು ಒಂದು ಗಳಿಗೆ ನಿಲ್ಲಿಸಿರಿ. ನಿಮ್ಮ ಮನೆಯಲ್ಲಿಯೂ ಯಾರೂ ಎತ್ತದ ಒಂದು ಹೆಸರು, ಅಥವಾ ಹೆಸರೇ ಇಡದ ಒಂದು ಜೀವ ಇದ್ದೀತು. ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿರಿ. ನಾನು ಕೇಳಲು ತಡಮಾಡಿದೆ. ಮಾಂಯ್ ತಾವಾಗಿ ಹೇಳದೆ ಹೋಗಿದ್ದರೆ ಆ ಬತ್ತಿ ಯಾರದೆಂದು ನನಗೆ ಇಂದಿಗೂ ತಿಳಿಯುತ್ತಿರಲಿಲ್ಲ.